ಕರಿ ಬಣ್ಣವೊಂದೇ ಬಾಂಬೆ ಬೆಕ್ಕಲ್ಲ

“ಮೇಡಂ, ಇದು ಖರೇನ ಬಾಂಬೆ ಕ್ಯಾಟ್ ಐತೇನ್ರಿ?”

ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ದವಾಖಾನೆಯಲ್ಲಿ ಈ ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳುವವರ ಕೈಯಲ್ಲಿ ತೂತು ಕೊರೆದ ರಟ್ಟಿನ ಡಬ್ಬಿ, ಅದರೊಳಗೆ ಇನ್ನೂ ಸರಿಯಾಗಿ ತಿನ್ನಲೂ ಕಲಿಯದ ಕರಿ ಮರಿ. ಮೊಬೈಲಿನಲ್ಲಿ ಫೋಟೊ ನೋಡಿ, ಸಾವಿರಾರು ರೂಪಾಯಿ ಕೊಟ್ಟು ತಂದಿರುತ್ತಾರೆ. ಕೂದಲು ಗಿಡ್ಡ, ಬಣ್ಣ ಕಪ್ಪು, ಮಾರಿದವರು ಹೇಳಿದ ಹೆಸರು ಬಾಂಬೆ; ಅಷ್ಟರ ಮೇಲೆಯೇ ವ್ಯವಹಾರ ಮುಗಿದಿರುತ್ತದೆ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದನ, ಎಮ್ಮೆ, ಆಡುಗಳಿಗೆ ಔಷಧ ಕೊಡುತ್ತ ಸರ್ಕಾರಿ ನೌಕರಿ ಮುಗಿಸಿದವಳು ನಾನು. ಬೆಕ್ಕುಗಳ ಸಹವಾಸ ಹೆಚ್ಚಾದದ್ದು ನಿವೃತ್ತಿಯ ನಂತರ. ಆ ಪ್ರಶ್ನೆಗೆ ಹೌದು, ಅಲ್ಲ ಎಂದಷ್ಟೇ ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಆ ತಳಿ ಯಾವುದು, ಅದರ ಗುಣ ಎಲ್ಲಿಂದ ಬಂತು ಎಂದು ಗೊತ್ತಾದರೆ ಡಬ್ಬಿಯೊಳಗಿನ ಮರಿಯನ್ನು ಸಾಕುವ ರೀತಿಯೇ ಬೇರೆಯಾಗುತ್ತದೆ.

ಬಾಂಬೆ ಬೆಕ್ಕಿನ ತವರು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್. ಭಾರತದ ಕರಿ ಚಿರತೆಯನ್ನೇ ಪುಟ್ಟದಾಗಿ ಮಾಡಿದಂಥ ಬೆಕ್ಕು ಮನೆಯೊಳಗೆ ಓಡಾಡಬೇಕು ಎಂದು ಅಲ್ಲಿನ ನಿಕ್ಕಿ ಹಾರ್ನರ್ ಎಂಬ ತಳಿ ಸಾಕಣೆಗಾರ್ತಿ ಆಸೆಪಟ್ಟರು. 1950ರ ದಶಕದಲ್ಲಿ ಅವರು ಕಡುಕಂದು ಬಣ್ಣದ ಬರ್ಮೀಸ್ ಬೆಕ್ಕನ್ನು ಕಪ್ಪು ಅಮೆರಿಕನ್ ಶಾರ್ಟ್‌ಹೇರ್ ಬೆಕ್ಕಿನೊಂದಿಗೆ ಕೂಡಿಸಿದರು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಹುಟ್ಟಿದ ಮರಿಗಳಿಗೆ ಬೇಕಾದ ಮೈಕಟ್ಟೂ ಇರಲಿಲ್ಲ, ಕಣ್ಣಿನ ಬಣ್ಣವೂ ಇರಲಿಲ್ಲ. ಮತ್ತೆ ತಂದೆ ತಾಯಿಯರನ್ನು ಆರಿಸಿ, ಮರಿಗಳನ್ನು ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಅವರು ಕೆಲಸ ಮುಂದುವರಿಸಿದರು. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಈ ತಳಿಗೆ ಪ್ರದರ್ಶನಗಳಲ್ಲಿ ಪೂರ್ಣ ಸ್ಪರ್ಧೆಯ ಅವಕಾಶ ಕೊಟ್ಟದ್ದು 1976ರಲ್ಲಿ. ಅಂದರೆ ಇದರ ವಯಸ್ಸು ನಮ್ಮಲ್ಲಿ ಅನೇಕರ ವಯಸ್ಸಿಗಿಂತ ಹೆಚ್ಚೇನಲ್ಲ. ತಳಿಗೆ ಹೆಸರು ಕೊಟ್ಟ ನಗರವೂ ಆಗ ಬಾಂಬೆಯೇ ಆಗಿತ್ತು. ನಮ್ಮ ಬೆಳಗಾವಿ ಕೂಡ 1956ರವರೆಗೆ ಅದೇ ಹೆಸರಿನ ರಾಜ್ಯದೊಳಗೆ ಇತ್ತು.

ಈ ಜೋಡಣೆಯಲ್ಲಿ ಅಮೆರಿಕನ್ ಶಾರ್ಟ್‌ಹೇರ್‌ನ ಪಾಲನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಯುರೋಪಿನಿಂದ ಹೊರಟ ಹಡಗುಗಳಲ್ಲಿ ಕಾಳುಕಡಿ ಕಾಯಲು, ಇಲಿ ಹಿಡಿಯಲು ಇಟ್ಟುಕೊಂಡಿದ್ದ ಬೆಕ್ಕುಗಳ ಸಂತತಿ ಅದು. 1960ರ ದಶಕದ ನಡುವಿನವರೆಗೆ ಅದಕ್ಕೆ ಡೊಮೆಸ್ಟಿಕ್ ಶಾರ್ಟ್‌ಹೇರ್ ಎಂಬ ಹೆಸರೇ ಇತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮನೆಯ ಸಾದಾ ಬೆಕ್ಕು. ಖಾನಾಪುರದ ಹೆಂಚಿನ ಮನೆಗಳಲ್ಲಿ ಅಟ್ಟದ ಮೇಲೆ ಭತ್ತದ ಚೀಲಗಳ ನಡುವೆ ಮಲಗುವ ಬೆಕ್ಕು ಮಾಡುವ ಕೆಲಸವನ್ನೇ ಅದೂ ಮಾಡಿಕೊಂಡಿತ್ತು. ಇಂದು ವಂಶಾವಳಿ ಪತ್ರದೊಂದಿಗೆ ಬರುವ ಬಾಂಬೆಯ ಗಟ್ಟಿ ಮೈ, ಅಪ್ಪಟ ಕಪ್ಪು ಎರಡೂ ಆ ದುಡಿಯುವ ಬೆಕ್ಕಿನ ಕಾಣಿಕೆ.

ಕಪ್ಪು ಬಣ್ಣದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಕಾಡಿಗೂ ಇದಕ್ಕೂ ನಂಟಿದೆ. ಬೆಕ್ಕಿನ ಒಂದೊಂದು ಕೂದಲಿನಲ್ಲೂ ಹಳದಿ ಮತ್ತು ಕಪ್ಪು ಪಟ್ಟಿಗಳು ಬರುವಂತೆ ಮಾಡುವ ಜೀನ್ ಒಂದಿದೆ. ಅದು ಕೆಟ್ಟಾಗ ಹಳದಿ ಬೀಳುವುದೇ ಇಲ್ಲ, ಕೂದಲಿಡೀ ಕಪ್ಪಾಗುತ್ತದೆ. ತಂದೆ ಮತ್ತು ತಾಯಿ ಇಬ್ಬರಿಂದಲೂ ಆ ಕೆಟ್ಟ ಪ್ರತಿ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಹಾಗಾಗಿ ಬೆಳಗಾವಿಯ ಶಹಾಪುರದ ಯಾವುದೋ ಗಲ್ಲಿಯಲ್ಲಿ ಪಟ್ಟೆಪಟ್ಟೆ ಬೆಕ್ಕು ಈದಾಗ ನಡುವೆ ಒಂದು ಕಡುಗಪ್ಪು ಮರಿ ಬರುವುದು ಸಹಜ. ಚಿರತೆಯಲ್ಲೂ ಕೆಡುವುದು ಇದೇ ಜೀನ್. ಚುಕ್ಕೆಯ ತಾಯಿಗೂ ಚುಕ್ಕೆಯ ತಂದೆಗೂ ಕರಿ ಮರಿ ಹುಟ್ಟಬಹುದು. ಕರಿ ಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಅಮೆರಿಕ ಖಂಡದ ಜಾಗ್ವಾರ್ ಕಪ್ಪಾಗುವುದು ಇನ್ನೊಂದು ಜೀನಿನಿಂದ, ಅಲ್ಲಿ ಒಂದು ಪ್ರತಿ ಸಾಕು. ಅಂದರೆ ಹಾರ್ನರ್ ಅವರು ಮಾದರಿಯಾಗಿ ಭಾರತದ ಪ್ರಾಣಿಯನ್ನು ಆರಿಸಿದ್ದು ಅವರಿಗೆ ತಿಳಿಯದೆಯೇ ಸರಿಯಾದ ಆಯ್ಕೆಯಾಗಿತ್ತು.

ಜಗತ್ತಿನ ಚಿರತೆಗಳಲ್ಲಿ ಸುಮಾರು ನೂರಕ್ಕೆ 11 ಕಪ್ಪು ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಅವು ಹೆಚ್ಚಾಗಿ ಕಾಣುವುದು ಮಳೆ ಜೋರಾಗಿ ಸುರಿದು ಬಿಸಿಲು ನೆಲಕ್ಕೆ ಮುಟ್ಟದ ದಟ್ಟ ಕಾಡುಗಳಲ್ಲಿ. ಖಾನಾಪುರದಿಂದ ಲೋಂಡಾ ದಾಟಿ ದಾಂಡೇಲಿಯವರೆಗಿನ ಕಾಡು ಅಂಥದ್ದೇ. 2011ರಲ್ಲಿ ವನ್ಯಧಾಮವಾದ ಭೀಮಗಡ ಖಾನಾಪುರ ತಾಲ್ಲೂಕಿನಲ್ಲೇ ಇದೆ. ನೌಕರಿಯ ದಿನಗಳಲ್ಲಿ ಜಾಂಬೋಟಿ, ಕಣಕುಂಬಿಯ ಕಡೆ ಹೋದಾಗ ದನಗಾಹಿಗಳು ಕರಿ ಹುಲಿಯ ಮಾತು ತೆಗೆಯುತ್ತಿದ್ದರು. ಅವರು ಹುಲಿ ಎಂದರೂ ಹೇಳುತ್ತಿದ್ದದ್ದು ಇದೇ ಕರಿ ಚಿರತೆಯನ್ನು. ಬಿಸಿಲು ಓರೆಯಾಗಿ ಬಿದ್ದಾಗ ಅದರ ಕಪ್ಪಿನೊಳಗೂ ಚುಕ್ಕೆಗಳು ತೋರುತ್ತವೆ.

ದವಾಖಾನೆಯ ಕಿಟಕಿಯ ಬಳಿ ಕರಿ ಮರಿಯನ್ನು ಹಿಡಿದು ನಾನು ಮೊದಲು ನೋಡುವುದು ಇದನ್ನೇ. ಬೆಳಿಗ್ಗೆಯ ಬೆಳಕಿನಲ್ಲಿ ಮರಿಯ ಪಕ್ಕೆಯನ್ನು ಸ್ವಲ್ಪ ತಿರುಗಿಸಿದರೆ ಕಪ್ಪಿನ ಮೇಲೆ ಇನ್ನೂ ಕಪ್ಪಾದ ಪಟ್ಟೆಗಳು ಮಸುಕಾಗಿ ಕಾಣುತ್ತವೆ. ಮರಿಗಳಲ್ಲಿ ಇದು ಸಾಮಾನ್ಯ, ದೊಡ್ಡವಾದಂತೆ ಮಾಯವಾಗುತ್ತದೆ. ಆಮೇಲೆ ಬೆರಳಿನಿಂದ ಕೂದಲನ್ನು ಎರಡು ಪಾಲು ಮಾಡಿ ಬುಡ ನೋಡುತ್ತೇನೆ. ಬೆಳೆದ ಬಾಂಬೆ ಬೆಕ್ಕಿನ ಕೂದಲು ಬುಡದವರೆಗೂ ಕಪ್ಪಿರಬೇಕು, ಮೈಗೆ ಅಂಟಿದಂತೆ ಮಲಗಿರಬೇಕು, ಪಾಲಿಶ್ ಮಾಡಿದ ಬೂಟಿನ ಹಾಗೆ ಹೊಳೆಯಬೇಕು. ಊರಬೆಕ್ಕಿನ ಕೂದಲು ಬಹುಮಟ್ಟಿಗೆ ಬುಡದಲ್ಲಿ ಬೂದು. ಎದೆಯ ಮೇಲೋ ಹೊಟ್ಟೆಯ ಕೆಳಗೋ ನಾಲ್ಕು ಬಿಳಿ ಕೂದಲ ಚುಕ್ಕೆ ಇರುತ್ತದೆ. ಪ್ರದರ್ಶನದಲ್ಲಿ ಅಂಥ ಚುಕ್ಕೆಯಿದ್ದ ಬಾಂಬೆ ಅನರ್ಹ. ಮೂಗು, ಅಂಗಾಲಿನ ಮೆತ್ತೆ ಕಪ್ಪಿರಬೇಕು. ಕಣ್ಣು ಬಂಗಾರದಿಂದ ತಾಮ್ರದವರೆಗಿನ ಬಣ್ಣ, ಹಸಿರು ನಡೆಯುವುದಿಲ್ಲ. ಆದರೆ ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ. ಒಂದೂವರೆ ತಿಂಗಳ ನಂತರ ಬಣ್ಣ ತಿರುಗಲು ಶುರುವಾಗಿ, ನಿಲ್ಲಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಹೀಗಿರುವಾಗ ಒಂದು ತಿಂಗಳ ಮರಿಯನ್ನು ತೋರಿಸಿ ಇದರ ಕಣ್ಣು ತಾಮ್ರದ್ದಾಗುತ್ತದೆ ಎಂದು ಹೇಳುವವರ ಮಾತನ್ನು ನಂಬುವುದು ಹೇಗೆ?

ತಳಿಯ ಖಚಿತ ಸಾಕ್ಷಿ ವಂಶಾವಳಿ ಪತ್ರವೊಂದೇ. ತಾಯಿ, ತಂದೆ, ಅಜ್ಜ, ಅಜ್ಜಿಯರ ಹೆಸರು ಮತ್ತು ನೋಂದಣಿ ಸಂಖ್ಯೆ ಅದರಲ್ಲಿ ಇರುತ್ತವೆ. ಬೆಕ್ಕುಗಳನ್ನು ಹೀಗೆ ವಿಂಗಡಿಸಿ ಲೆಕ್ಕ ಇಡುವ ರೂಢಿ ಬೆಳೆದದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲಿ ನಡೆದ ಬೆಕ್ಕಿನ ಪ್ರದರ್ಶನದ ನಂತರ. ಪತ್ರವಿಲ್ಲದ ಕರಿ ಬೆಕ್ಕು ಸುಂದರ ಕರಿ ಬೆಕ್ಕು. ಅದಕ್ಕೆ ತಳಿಯ ಬೆಲೆ ತೆರಬೇಕಾಗಿಲ್ಲ.

ಇಷ್ಟು ಹೇಳಿದರೆ ಅನೇಕರು ಕೇಳುತ್ತಾರೆ: ಹಾಗಿದ್ದರೆ ಪತ್ರದ ಬೆಕ್ಕಿಗೆ ಅಷ್ಟು ಹಣ ಯಾಕೆ? ಬಣ್ಣಕ್ಕಲ್ಲ, ಸ್ವಭಾವಕ್ಕೆ ಎಂಬುದು ನನ್ನ ಉತ್ತರ. ಆ ಸ್ವಭಾವದ ಹೆಚ್ಚಿನ ಪಾಲು ಬಂದದ್ದು ಬರ್ಮೀಸ್ ಕಡೆಯಿಂದ. 1930ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡಾಕ್ಟರ್ ಜೋಸೆಫ್ ಥಾಂಪ್ಸನ್ ಬರ್ಮಾದಿಂದ ವಾಂಗ್ ಮಾವ್ ಎಂಬ ಕಂದು ಹೆಣ್ಣು ಬೆಕ್ಕನ್ನು ತರಿಸಿಕೊಂಡರು. ಜೊತೆಗೆ ಅದೇ ತಳಿಯ ಗಂಡು ಸಿಗದೆ ಸಯಾಮೀಸ್ ಗಂಡಿನೊಂದಿಗೆ ಕೂಡಿಸಿದರು. ಅಮೆರಿಕದ ಬರ್ಮೀಸ್ ತಳಿಗೆ ಅವಳೇ ಮೂಲ ತಾಯಿ. ಜನರ ಮೈಗೆ ಅಂಟಿಕೊಂಡಿರುವ, ಒಂಟಿತನ ಸಹಿಸದ, ಬಂದವರನ್ನೆಲ್ಲ ಮಾತಾಡಿಸುವ ಗುಣವನ್ನು ಆ ತಳಿಯವರು ತಲೆಮಾರುಗಳಿಂದ ಆರಿಸಿಕೊಂಡು ಬಂದಿದ್ದಾರೆ. ಬರ್ಮೀಸ್‌ನ ಕಂದು ಬಣ್ಣದ ಜೀನ್ ಬಾಂಬೆಯಲ್ಲಿ ಇಂದಿಗೂ ಅಡಗಿ ಕೂತಿದೆ; ಎರಡು ಕರಿ ಬಾಂಬೆಗಳಿಗೆ ಒಮ್ಮೊಮ್ಮೆ ಕಡುಕಂದು ಮರಿ ಹುಟ್ಟುತ್ತದೆ.

ನನಗೆ ಹತ್ತಿರದಿಂದ ಗೊತ್ತಿರುವ ನಿಜವಾದ ಬಾಂಬೆ ಒಂದೇ ಒಂದು. ಅಮೆರಿಕದಲ್ಲಿ ಬಹಳ ವರ್ಷವಿದ್ದು ಹಿಂದವಾಡಿಗೆ ವಾಪಸಾದ ಗಂಡ ಹೆಂಡತಿ ಅದನ್ನು ಜೊತೆಗೆ ಕರೆತಂದರು. ಅಲ್ಲಿ ಅದಕ್ಕೆ ಬೇರೆ ಹೆಸರಿತ್ತಂತೆ. ಇಲ್ಲಿ ಮನೆಯ ಅತ್ತೆಯವರು ಕಾಳ್ಯಾ ಎಂದು ಕರೆದರು, ಅದೇ ನಿಂತಿತು. ಬೇರೆ ಬೆಕ್ಕುಗಳು ನನ್ನ ಮೇಜಿನ ಮೇಲೆ ಬಂದೊಡನೆ ಮೈ ಕುಗ್ಗಿಸಿ ಮೂಲೆ ಹುಡುಕುತ್ತವೆ. ಕಾಳ್ಯಾ ಹಾಗಲ್ಲ. ಸ್ಟೆತಾಸ್ಕೋಪ್ ಹಿಡಿದ ಕೈಗೆ ಹಣೆ ಒತ್ತುತ್ತಾನೆ, ಗುರ್‌ಗುರ್ ಎನ್ನಲು ಶುರುಮಾಡುತ್ತಾನೆ. ಆ ಸದ್ದಿನಲ್ಲಿ ಎದೆಬಡಿತ ಕೇಳುವುದೇ ಇಲ್ಲ. ಆಗ ನಾನು ಪಕ್ಕದ ನಲ್ಲಿ ತಿರುಗಿಸುತ್ತೇನೆ. ನೀರು ಬೀಳುವ ಸದ್ದಿಗೆ ಕಿವಿ ಅತ್ತ ತಿರುಗಿ ಗುರ್‌ಗುರ್ ಒಂದು ಕ್ಷಣ ನಿಲ್ಲುತ್ತದೆ, ಆ ಸಂದಿನಲ್ಲಿ ಎದೆ ಎಣಿಸಿ ಮುಗಿಸಬೇಕು. ಕೈಗೆತ್ತಿಕೊಂಡರೆ ಕಣ್ಣಳತೆಗೆ ತೋರುವುದಕ್ಕಿಂತ ಭಾರ. ನಡುಗಾತ್ರದ ಮೈಯಲ್ಲಿ ಅಷ್ಟು ಮಾಂಸಖಂಡ ತುಂಬಿರುತ್ತದೆ.

ಮನೆಯಲ್ಲಿ ಅವನು ಅತ್ತೆಯವರ ನೆರಳು. ಅವರು ದೇವರ ಕೋಣೆಗೆ ಹೋದರೆ ಹೊಸ್ತಿಲ ಮೇಲೆ, ಅಡುಗೆಮನೆಗೆ ಹೋದರೆ ಕಟ್ಟೆಯ ಕೆಳಗೆ, ಪಡಸಾಲೆಯಲ್ಲಿ ಕೂತರೆ ತೊಡೆಯ ಮೇಲೆ. ಮಳೆಗಾಲದ ರಾತ್ರಿ ಕೌದಿಯೊಳಗೆ ನುಗ್ಗಿ ಕಾಲ ಬಳಿ ಮಲಗುತ್ತಾನೆ. ಈ ತಳಿಗೆ ಬಿಸುಪು ಎಂದರೆ ಪ್ರಾಣ. ಮಗನ ಮಗ ರಬ್ಬರ್ ಚೆಂಡು ಎಸೆದರೆ ಕಚ್ಚಿಕೊಂಡು ತಂದು ಕೊಡುತ್ತಾನೆ. ಸಯಾಮೀಸ್‌ನ ಹಾಗೆ ಗಟ್ಟಿ ದನಿ ತೆಗೆದು ಕೂಗುವುದಿಲ್ಲ, ಮೆಲ್ಲಗೆ ಮಾತಾಡಿಸುತ್ತಾನೆ. ಮನೆಯವರೆಲ್ಲ ಗೋಕಾಕಿಗೆ ಮದುವೆಗೆ ಹೋಗಿ ಎರಡು ದಿನ ಅವನನ್ನು ಒಬ್ಬನೇ ಬಿಟ್ಟಾಗ, ನೆರೆಯವರು ಹೊತ್ತುಹೊತ್ತಿಗೆ ಊಟ ಇಟ್ಟರೂ ಮುಟ್ಟಲಿಲ್ಲ. ಬಾಗಿಲಿನ ಬಳಿಯೇ ಕೂತಿದ್ದನಂತೆ. ಮುಂಜಾನೆ ಹೋಗಿ ರಾತ್ರಿ ಬರುವ ಗಂಡ ಹೆಂಡತಿಯರ ಮನೆಗೆ ಈ ತಳಿ ಸಲ್ಲದು ಎಂದು ನಾನು ಕಡ್ಡಿ ಮುರಿದಂತೆ ಹೇಳುವುದು ಇದಕ್ಕಾಗಿ.

ತಳಿ ಸೋಸುವಾಗ ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಗಟ್ಟಿಯಾಗುತ್ತದೆ. ಅಮೆರಿಕದ ಬರ್ಮೀಸ್ ಬೆಕ್ಕಿನ ಮೋರೆಯನ್ನು ದುಂಡಗೆ, ಗಿಡ್ಡಗೆ ಮಾಡುತ್ತ ಹೋದಂತೆ ಒಂದು ಘೋರ ದೋಷ ಕಾಣಿಸಿಕೊಂಡಿತು. ಗಿಡ್ಡ ಮೋರೆ ಕೊಡುವ ಜೀನಿನ ಎರಡು ಪ್ರತಿ ಕೂಡಿದ ಮರಿಗಳು ತಲೆಬುರುಡೆ ಸರಿಯಾಗಿ ಮುಚ್ಚದೆ ಹುಟ್ಟುತ್ತವೆ, ಬದುಕುವುದಿಲ್ಲ. ಬಾಂಬೆಗೂ ಅದು ರಕ್ತದಲ್ಲೇ ಬಂದಿದೆ. ರಕ್ತದಲ್ಲಿ ಪೊಟ್ಯಾಷಿಯಂ ಕುಸಿದು ಕತ್ತು ಜೋತುಬೀಳುವ ಬರ್ಮೀಸ್ ಕಾಯಿಲೆಯೂ ಈ ವಂಶಗಳಲ್ಲಿ ಇರಬಹುದು. ಎರಡಕ್ಕೂ ಈಗ ಡಿಎನ್‌ಎ ಪರೀಕ್ಷೆ ಇದೆ. ಮರಿಗೆ ದೊಡ್ಡ ಮೊತ್ತ ಕೇಳುವವರು ತಂದೆ ತಾಯಿಯ ಪರೀಕ್ಷೆಯ ಕಾಗದವನ್ನು ತೋರಿಸಲೇಬೇಕು. ಚಪ್ಪಟೆ ಮೋರೆ ಮುದ್ದಾಗಿ ಕಾಣುತ್ತದೆ ಎಂದು ಕೇಳಿ ಪಡೆಯುವವರಿದ್ದಾರೆ. ಆ ಮುದ್ದಿಗೆ ಬೆಕ್ಕು ಜೀವನವಿಡೀ ಸೋರುವ ಕಣ್ಣು, ಕಟ್ಟಿದ ಉಸಿರು ತೆರುತ್ತದೆ. ನನಗೆ ಇದು ಸಹಿಸಲಾಗದ ಸಂಗತಿ.

ಊಟದ ಮಾತಿಗೆ ಬಂದರೆ ಬೆಳಗಾವಿಯಲ್ಲಿ ನನ್ನ ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ. ಇಲ್ಲಿ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ಬೆಕ್ಕಿಗೆ ಅಕ್ಕರೆಯಿಂದ ಕೊಡುವುದು ಹಾಲಿನಲ್ಲಿ ನೆನೆಸಿದ ಚಪಾತಿ, ರೊಟ್ಟಿ, ಮೊಸರನ್ನ. ಅವರ ಅಕ್ಕರೆಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಬೆಕ್ಕು ಮಾಂಸದ ಮೇಲೇ ಬದುಕುವಂತೆ ರೂಪುಗೊಂಡ ಪ್ರಾಣಿ. ಟಾರಿನ್ ಎಂಬ ಪದಾರ್ಥವನ್ನು ಅದರ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದು ಸಿಗದಿದ್ದರೆ ಕಣ್ಣಿನ ಪರದೆ ಹಾಳಾಗಿ ಕುರುಡಾಗುತ್ತದೆ, ಹೃದಯದ ಗೋಡೆ ಸಡಿಲಾಗಿ ಹಿಗ್ಗುತ್ತದೆ. ಕರಿ ಬೆಕ್ಕಿನಲ್ಲಿ ಇನ್ನೂ ಒಂದು ಕುರುಹು ಹೊರಗೇ ಕಾಣುತ್ತದೆ. ಕಪ್ಪು ಬಣ್ಣ ತಯಾರಾಗಲು ಟೈರೋಸಿನ್, ಫಿನೈಲ್ಅಲನಿನ್ ಎಂಬ ಪ್ರೋಟೀನಿನ ಅಂಶಗಳು ಬೇಕು. ಅವು ಊಟದಲ್ಲಿ ಕಡಿಮೆಯಾದರೆ ಕಪ್ಪು ಕೂದಲು ಕೆಂಪಗೆ ತಿರುಗುತ್ತದೆ. ಬಿಸಿಲಿಗೂ ಹೀಗಾಗುತ್ತದೆ ನಿಜ. ಆದರೆ ಮನೆಯಿಂದ ಹೊರಗೆ ಹೋಗದ ಬೆಕ್ಕಿನ ಬೆನ್ನು ಕೆಂಪಾಗಿದ್ದರೆ ನಾನು ಮೊದಲು ಕೇಳುವುದು ಏನು ಉಣ್ಣಿಸುತ್ತೀರಿ ಎಂದು. ಮನೆಯಲ್ಲಿ ಮಾಂಸ ಬೇಯಿಸದವರು ಟಾರಿನ್ ಸೇರಿಸಿದ ಬೆಕ್ಕಿನದೇ ಆಹಾರ ತಂದು ಹಾಕಲಿ. ನಾಯಿಯ ಆಹಾರ ಸಾಲದು. ಬಾಂಬೆಯದು ಹಸಿವು ತೀರದ ತಳಿ. ಅದಕ್ಕೆ ಅಳೆದೇ ಹಾಕಬೇಕು, ಇಲ್ಲದಿದ್ದರೆ ಒಂದೆರಡು ವರ್ಷದಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಜ್ವರವೆಂದು ಯಾರೂ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ನಮ್ಮ ಯಕೃತ್ತು ಅದನ್ನು ಕರಗಿಸುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಒಂದು ಮಾತ್ರೆ ಸಾಕು: ಒಸಡು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮೋರೆ ಊದುತ್ತದೆ, ಪ್ರಾಣ ಹೋಗುತ್ತದೆ.

ಈಗ ಡಬ್ಬಿಯೊಳಗಿನ ಪತ್ರವಿಲ್ಲದ ಮರಿಗೆ ಮರಳುತ್ತೇನೆ, ಏಕೆಂದರೆ ನನ್ನ ಬಳಿ ಬರುವುದು ಬಹುಪಾಲು ಅಂಥವೇ. ಬೆಕ್ಕಿನ ಮರಿಗೆ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಒಂದು ವಿಶೇಷ ಕಾಲ. ಆ ವಾರಗಳಲ್ಲಿ ಮನುಷ್ಯರ ಕೈ ಮೈಮೇಲೆ ಆಡಿದರೆ, ಮನೆಯ ಮಾತು, ಮಿಕ್ಸರಿನ ಸದ್ದು, ಮಕ್ಕಳ ಓಡಾಟ ಕಿವಿಗೆ ಬಿದ್ದರೆ ಆ ಬೆಕ್ಕಿಗೆ ಜೀವನವಿಡೀ ಜನರ ಭಯವಿರುವುದಿಲ್ಲ. ದಿನಕ್ಕೆ ಅರ್ಧ ತಾಸು ನಾಲ್ಕೈದು ಜನ ಬದಲಾಗಿ ಬದಲಾಗಿ ಎತ್ತಿಕೊಂಡರೂ ಸಾಕು. ತಂದೆಯ ಸ್ವಭಾವವೂ ಮರಿಗೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅಂಜದ ಗಂಡಿನ ಮರಿಗಳು, ತಂದೆಯ ಮೋರೆಯನ್ನೇ ನೋಡದಿದ್ದರೂ, ಧೈರ್ಯವಾಗಿ ಮುಂದೆ ಬರುತ್ತವೆ. ಹಾರ್ನರ್ ಅವರಂಥವರು ತಲೆಮಾರುಗಟ್ಟಲೆ ಮಾಡಿದ ಕೆಲಸದಲ್ಲಿ ಒಂದು ಪಾಲನ್ನು ಅನಗೋಳದ ಒಂದು ಮನೆಯ ಹಿತ್ತಿಲಲ್ಲಿ, ಐದೇ ವಾರದಲ್ಲಿ ನಾವೂ ಮಾಡಬಹುದು. ತಾಯಿಯ ಬಳಿಯೇ ಇರುವಾಗ ಇದನ್ನು ಮಾಡಬೇಕು ಎಂಬುದಷ್ಟೇ ಷರತ್ತು. ತಿಂಗಳು ತುಂಬುವ ಮೊದಲೇ ಕಿತ್ತು ಡಬ್ಬಿಗೆ ಹಾಕಿದ ಮರಿ ಮುಂದೆ ಕಚ್ಚುತ್ತದೆ, ಪರಚುತ್ತದೆ, ಬಟ್ಟೆ ಚೀಪುತ್ತದೆ. ಎಂಟು ವಾರಕ್ಕೆ ಮೊದಲು ಮರಿ ಬೇರ್ಪಡಿಸಬಾರದು, ಹನ್ನೆರಡಾದರೆ ಇನ್ನೂ ಒಳ್ಳೆಯದು.

ಕರಿ ಮರಿಗೆ ಇದೆಲ್ಲ ಸಿಗುವುದು ಕಷ್ಟ. ಪಟ್ಟೆ ಮರಿ, ಬಿಳಿ ಮರಿಗಳನ್ನು ಜನ ಕೇಳಿ ಒಯ್ಯುತ್ತಾರೆ. ಕರಿಯದನ್ನು ಅಡ್ಡ ಬರುತ್ತದೆಂದು ಹೆದರಿ ಸಂತೆಯ ಹಿಂದೆ ಬಿಟ್ಟುಬರುತ್ತಾರೆ. ಅದೇ ಮರಿಗೆ ವಿದೇಶಿ ಹೆಸರು ಕಟ್ಟಿದರೆ ಹಣ ಕೊಡುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ನಂದಗಡದ ಕಡೆಯ ಒಬ್ಬ ಭತ್ತದ ರೈತರು ಮಾತ್ರ ಯಾವಾಗಲೂ ಕರಿ ಬೆಕ್ಕನ್ನೇ ಸಾಕುತ್ತಾರೆ. “ಕತ್ತಲಾಗ ಇಲಿಗೆ ಕಾಣಂಗಿಲ್ರಿ ಅಕ್ಕಾರ, ಇದರಷ್ಟು ದುಡಿಯೋದು ಯಾವುದೂ ಇಲ್ಲ” ಎನ್ನುವುದು ಅವರ ನಂಬಿಕೆ. ಅವರ ಬೆಕ್ಕುಗಳು ತಾಯಿಯ ಜೊತೆ ಅಟ್ಟದಲ್ಲೇ ಬೆಳೆದು, ಮೊಮ್ಮಕ್ಕಳ ಕೈಯಲ್ಲಿ ಆಡಿ, ಅಪರಿಚಿತಳಾದ ನನ್ನ ತೊಡೆಯ ಮೇಲೂ ಬಂದು ಕೂರುತ್ತವೆ.

ಆ ಕಡೆಯವರಿಗೆ ನನ್ನದು ಇನ್ನೊಂದು ಮಾತು: ಕತ್ತಲಾದ ಮೇಲೆ ಬೆಕ್ಕನ್ನು ಒಳಗೆ ಹಾಕಿ ಬಾಗಿಲು ಮುಚ್ಚಿ. ಕಾಡಂಚಿನ ಊರುಗಳಲ್ಲಿ ಚಿರತೆ ನಾಯಿ, ಬೆಕ್ಕುಗಳಿಗಾಗಿ ಅಂಗಳದವರೆಗೆ ಬರುತ್ತದೆ. ಊರ ನಡುವೆಯೂ ಅದು ಬಾರದೆಂದು ಹೇಳಲಾಗದು. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನದ ಪೊದೆಗಳಲ್ಲಿ ಸೇರಿಕೊಂಡಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನ ಬಿಡಾರದಿಂದ ಆನೆಗಳನ್ನು ತರಿಸಿ ಹುಡುಕಿದರೂ ಅದು ಕೈಗೆ ಸಿಗಲಿಲ್ಲ.

ಕರಿ ಮರಿ ತಂದವರಿಗೆ ನಾನು ಬರೆದುಕೊಡುವುದು ಇಷ್ಟು: ಎರಡು ತಿಂಗಳಿಗೆ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಮತ್ತೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಮಳೆಗಾಲದಲ್ಲಿ ಮೈ ಒದ್ದೆಯಾಗಿ ಉಳಿಯದಂತೆ ಒರೆಸಿ, ಕೂದಲು ದುಂಡಗೆ ಉದುರಿದ ಜಾಗ ಕಂಡರೆ ತಡಮಾಡದೆ ತನ್ನಿ. ಅದು ಹುಳುಕಡ್ಡಿ, ಮನೆಯ ಮಕ್ಕಳಿಗೂ ಹತ್ತುತ್ತದೆ. ಕಾರ್ಡಿನಲ್ಲಿ ತಳಿ ಎಂಬ ಜಾಗವೊಂದಿದೆ. ಪತ್ರವಿದ್ದರೆ ಬಾಂಬೆ ಎಂದು ಬರೆಯುತ್ತೇನೆ. ಇಲ್ಲದಿದ್ದರೆ ದೇಶಿ, ಗಿಡ್ಡಗೂದಲು, ಕಪ್ಪು ಎಂದು ಬರೆದು, ಮನೆಯವರು ಇಟ್ಟ ಹೆಸರನ್ನು ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿಕೊಡುತ್ತೇನೆ.